ಮೂರನೆಯ ಸೀಟು

ಅಕ್ಟೋಬರ್ ೧೪, ಮಂಗಳವಾರ
ಮನೆಯಿಂದ

ಮೆತ್ತೆ ಹೊಲಿಯುವ ನಮ್ಮವರಿಗೆ, ಕನ್ನಡಕದಂಗಡಿಯವಳೆಂದು ನೀವೇ ಹೆಸರಿಟ್ಟ ನಿಮ್ಮ ದುರ್ಬೀನು ಮಾಡುವ ನಮಸ್ಕಾರ.

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಒಂದೇ ಸೂರಿನಡಿ ಇದ್ದವರಿಗೆ ಕಾಗದ ಯಾಕೆ ಬೇಕಿತ್ತು? ಈಗ ನೀವು ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ, ನಾನು ಇಲ್ಲಿ. ನಡುವೆ ನಾಲ್ಕು ಬಸ್ ಸ್ಟಾಪು, ಏಳು ತಿಂಗಳು. ಫೋನಿನಲ್ಲಿ ನಾವು ಮಾತಾಡುವುದು ಗ್ಯಾಸು, ನೀರಿನ ಪಂಪು, ಮಗಳ ಪರೀಕ್ಷೆ, ಇಷ್ಟೇ. ಹೇಳಬೇಕಾದದ್ದು ಗಂಟಲವರೆಗೆ ಬಂದು “ಸರಿ, ಇಡ್ಲಾ?” ಆಗಿಬಿಡುತ್ತದೆ. ಈ ವಾರ ಅಂಗಡಿಗೆ ರಜೆ ಹಾಕಿದ್ದೇನೆ. ಕನ್ನಡಕದ ಗಾಜು ಉಜ್ಜುವ ಕೆಲಸ ಇಲ್ಲದ ದಿನ ಮನಸ್ಸು ತನ್ನನ್ನೇ ಉಜ್ಜಿಕೊಳ್ಳಲು ಶುರುಮಾಡುತ್ತದೆ.

ಮೊದಲಿಂದ ಹೇಳುತ್ತೇನೆ. ಯಾಕೆಂದರೆ ನಿಮಗೆ ಗೊತ್ತಿರುವ ಮೊದಲು ಬೇರೆ, ನಿಜವಾದ ಮೊದಲು ಬೇರೆ.

ಹೋದ ವರ್ಷ ಮೇ ತಿಂಗಳಲ್ಲಿ ನಿಮ್ಮ ಕ್ರೂಸರ್ ಬೈಕಿಗೆ ಬ್ರೇಕ್ ಪ್ಯಾಡ್ ಹಾಕಿಸಲು ಗ್ಯಾರೇಜಿಗೆ ಹೋಗಿದ್ದೆವಲ್ಲ, ನೆನಪಿದೆಯೇ? ನೀವು ಪಕ್ಕದ ಅಂಗಡಿಗೆ ರೆಕ್ಸಿನ್ ನೋಡಲು ಹೋದಿರಿ. ಹುಳಿ ಹಿಂಡಿದಷ್ಟೂ ರಸ ಬರುವ ಹಾಗೆ ಕೇಳಿದಷ್ಟೂ ಪಾಠ ಹೇಳುವ ನಮ್ಮ ಗ್ಯಾರೇಜಿನ ಮೇಷ್ಟ್ರು ಆವತ್ತು ಒಂದು ನೀಲಿ ಬೈಕಿನ ಸರ್ವಿಸ್ ಮುಗಿಸಿ ನಿಂತಿದ್ದರು. ಎತ್ತರದ ಬೈಕು, ಮುಂದೆ ಗಾಳಿ ತಡೆಯುವ ಗಾಜು, ಎರಡೂ ಕಡೆ ಪೆಟ್ಟಿಗೆ. ಇದೇನು ರೇಸಿನದೋ ದೂರ ಹೋಗುವುದೋ ಎಂದು ಕೇಳಿದೆ. ಎರಡೂ ಹೌದು, ಸ್ಪೋರ್ಟ್ ಟೂರಿಂಗ್ ಅಂತಾರೆ ಎಂದರು. ನಾನು ಅದರ ಸುತ್ತ ಎರಡು ಸಲ ತಿರುಗಿರಬೇಕು. ಅವರೇ ಕೀಲಿ ಕೊಟ್ಟರು. “ಹಿಂದಿನ ರಸ್ತೇಲಿ ಒಂದು ರೌಂಡ್ ಹೋಗ್ಬನ್ನಿ. ಕೇಳೋದಕ್ಕಿಂತ ಕೂತ್ರೆ ಬೇಗ ಗೊತ್ತಾಗುತ್ತೆ.”

ಆರು ನಿಮಿಷ ಹೋಗಿದ್ದೆ. ನೀವು ವಾಪಸ್ ಬರುವಷ್ಟರಲ್ಲಿ ಏನೂ ಆಗದವಳಂತೆ ಬೆಂಚಿನ ಮೇಲೆ ಕೂತಿದ್ದೆ. ಮುಖ ಯಾಕೆ ಕೆಂಪಾಗಿದೆ ಎಂದಿರಿ. ಬಿಸಿಲು ಎಂದೆ. ಅದು ಮೊದಲ ಸುಳ್ಳು.

ಆ ಆರು ನಿಮಿಷದಲ್ಲಿ ಏನಾಯಿತು ಎಂದು ಆಮೇಲೆ ತಿಂಗಳುಗಟ್ಟಲೆ ಯೋಚಿಸಿದ್ದೇನೆ. ನಮ್ಮ ಎರಡು ಕ್ರೂಸರುಗಳನ್ನು ಒಂದೇ ದಿನ ತಂದೆವು. ಹದಿನಾಲ್ಕು ವರ್ಷ, ಎಷ್ಟೋ ಭಾನುವಾರ, ನೀವು ಮುಂದೆ, ನಾನು ಹಿಂದೆ. ಗುಂಡಿ ಬಂದರೆ ನೀವು ಕಾಲು ಚಾಚಿ ತೋರಿಸುತ್ತಿದ್ದಿರಿ, ನಾನು ತಪ್ಪಿಸುತ್ತಿದ್ದೆ. ಕಾಲು ಮುಂದೆ ಚಾಚಿ, ಬೆನ್ನು ಹಿಂದಕ್ಕೆ ವಾಲಿಸಿ, ಕುರ್ಚಿಯಲ್ಲಿ ಕೂತ ಹಾಗೆ ದುಡುದುಡು ಎಂದು ಹೋಗುವ ಆ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆವತ್ತು ಆ ಹಿಂದಿನ ರಸ್ತೆಯಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ನಿಮ್ಮ ಬೆನ್ನು ನನಗೆ ಇಷ್ಟ, ಜಾಕೀಟಿನ ಹೊಲಿಗೆ ಎಲ್ಲಿ ಬಿಟ್ಟಿದೆ ಎಂಬುದೂ ಗೊತ್ತು. ಆದರೆ ಅದರಾಚೆ ರಸ್ತೆಯೂ ಇತ್ತು ಎಂದು ತಿಳಿಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು.

ಮನೆಗೆ ಬಂದು ಇದನ್ನು ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೀವು ಒಂದು ವಾರ ಮುಖ ದಪ್ಪ ಮಾಡಿಕೊಂಡಿರುತ್ತಿದ್ದಿರಿ, ಅಷ್ಟೇ. ನಾನು ಹೇಳಲಿಲ್ಲ. ಮನೆಯಲ್ಲಿ ನೋವು ಎಂದರೆ ಎಲ್ಲರೂ ಜಾಗ ಬಿಡುತ್ತಾರೆ. ಆಸೆ ಎಂದರೆ ಯಾಕೆ ಎಂದು ಕೇಳುತ್ತಾರೆ. ನನ್ನ ಹತ್ತಿರ ಆ ಯಾಕೆಗೆ ಉತ್ತರ ಇರಲಿಲ್ಲ. ಅದಕ್ಕೇ ಬೆನ್ನಿನ ಕೆಳಗೆ, ಬಾಲದ ಮೂಳೆಯಲ್ಲಿ ನೋವು ಎಂದೆ. ಕ್ರೂಸರಿನಲ್ಲಿ ಕೂರುವ ಭಂಗಿಯೇ ಸರಿಯಿಲ್ಲ, ಭಾರವೆಲ್ಲ ಅಲ್ಲೇ ಬೀಳುತ್ತದೆ, ಬೈಕ್ ಬದಲಿಸಿ ಅಂತ ಡಾಕ್ಟರು ಹೇಳಿದರು ಎಂದೆ.

ಡಾಕ್ಟರು ಹೇಳಲಿಲ್ಲ. ನಾನು ಡಾಕ್ಟರ ಬಳಿ ಹೋಗಿರಲೇ ಇಲ್ಲ. ನೋವೂ ಇರಲಿಲ್ಲ.

ಇದನ್ನು ಬರೆದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನೀವು ಏನು ಮಾಡುತ್ತೀರಿ ಎಂದು ನಾನು ಎಣಿಸಿರಲೇ ಇಲ್ಲ. “ಬೈಕ್ ಯಾಕೆ ಬದಲಿಸ್ತೀಯ? ಸೀಟು ನಾನು ಹೊಲೀತೀನಿ” ಎಂದಿರಿ. ಊರಿನವರ ಸೋಫಾ, ಸಿನಿಮಾ ಮಂದಿರದ ಕುರ್ಚಿ, ಆಸ್ಪತ್ರೆಯ ಹಾಸಿಗೆ ಎಲ್ಲ ಪಕ್ಕಕ್ಕಿಟ್ಟು ನನ್ನ ಸೀಟು ಹಿಡಿದುಕೊಂಡು ಕೂತಿರಿ. ಮೊದಲನೆಯದಕ್ಕೆ ಕೆಳಗೆ ಗಟ್ಟಿ ಫೋಮು, ಮೇಲೆ ಮೆದು. ನಾನು ಒಂದು ಸುತ್ತು ಹೋಗಿ ಬಂದು ಇನ್ನೂ ನೋಯುತ್ತೆ ಎಂದೆ. ಎರಡನೆಯದಕ್ಕೆ ಮೂಳೆ ಕೂರುವ ಕಡೆ ಗುಳಿ ಕೊರೆದಿರಿ. ಅದಕ್ಕೂ ತಲೆ ಅಲ್ಲಾಡಿಸಿದೆ. ಮೂರನೆಯದಕ್ಕೆ ಅಗಲ ತಟ್ಟೆಯಲ್ಲಿ ಒದ್ದೆ ಮರಳು ತುಂಬಿ, ನನ್ನನ್ನು ಅದರ ಮೇಲೆ ಕೂರಿಸಿ ಅಚ್ಚು ತೆಗೆದಿರಿ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀವು ನಗಲಿಲ್ಲ. ಸ್ಕೇಲು ಹಿಡಿದು ಅಳತೆ ಬರೆದುಕೊಳ್ಳುತ್ತಿದ್ದಿರಿ.

ಆ ಮೂರನೆಯ ಸೀಟಿನ ಮೇಲೆ ಕೂತಾಗ ನನಗೆ ಅಳು ಬರುವುದೊಂದು ಬಾಕಿ. ಅಷ್ಟು ಒಳ್ಳೆಯ ಸೀಟಿನ ಮೇಲೆ ನಾನು ಹುಟ್ಟಿದಾಗಿನಿಂದ ಕೂತಿಲ್ಲ. ನೀವು ಕೈಯಲ್ಲಿ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ಆಗಲೂ ಬಾಯಿ ಬಿಡಬಹುದಿತ್ತು. “ಇನ್ನೂ ಸ್ವಲ್ಪ ನೋಯುತ್ತೆ” ಎಂದೆ. ನೀವು ಬಂದು ಹೆಬ್ಬೆರಳಿನಿಂದ ಸೀಟನ್ನು ಒಂದು ಕಡೆ ಒತ್ತಿ ನೋಡಿ, ಒಳಗೆ ಹೋದಿರಿ. ನಾಲ್ಕನೆಯದು ಹೊಲಿಯುತ್ತೇನೆ ಎನ್ನಲಿಲ್ಲ.

ಮುಂದಿನದು ನಿಮಗೆ ಗೊತ್ತು. ಸಿನಿಮಾ ಮಂದಿರದ ಕುರ್ಚಿ ಹಾಕಿಸಲು ನೀವು ಮೂರು ದಿನ ಪರವೂರಿಗೆ ಹೋದಾಗ ನಾನು ಕ್ರೂಸರ್ ಮಾರಿ, ಮಾರಾಟಕ್ಕೆ ಬಂದಿದ್ದ ಆ ನೀಲಿ ಬೈಕನ್ನೇ ತಂದು ನಿಲ್ಲಿಸಿದೆ. ನೀವು ಕೂಗಾಡುತ್ತೀರಿ ಎಂದುಕೊಂಡು ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ನೀವು ಚೀಲ ಕೆಳಗಿಟ್ಟು, ಬೈಕನ್ನು ನೋಡಿ, ಕೇಳಿದ್ದು ಒಂದೇ ಮಾತು.

“ಸೀಟು ಎಲ್ಲಿ?”

ಬೈಕಿನ ಜೊತೆ ಹೋಯಿತು ಎಂದೆ.

ಒಮ್ಮೆ ಕೂತು ನೋಡಿ ಎಂದು ನಾನು ಎರಡು ಮೂರು ಸಲ ಕರೆದೆ. ನೀವು ಅದರ ಹತ್ತಿರವೂ ಸುಳಿಯಲಿಲ್ಲ. ಹದಿನೈದು ದಿನದ ಮೇಲೆ ಕೆಲಸ ಜಾಸ್ತಿ ಇದೆ, ಅಲ್ಲೇ ಮಲಗುತ್ತೇನೆ ಎಂದು ಸಣ್ಣ ಮಿಷನ್ನು ಎತ್ತಿಕೊಂಡು ಹೋದಿರಿ. ಮಗಳು ಕೇಳಿದಾಗ ನೀವು ಹೇಳಿದಿರಂತೆ: “ಹೆಂಡ್ತಿ ಕೂರೋಕೆ ಒಂದು ಸೀಟು ಹೊಲಿಯೋಕೆ ಬರದವನು ಊರಿಗೆಲ್ಲ ಏನು ಹೊಲೀತಾನೆ?” ಅವಳು ಅದನ್ನು ನನಗೆ ಒಪ್ಪಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅವತ್ತು ಹೆಗಲು ಮುಟ್ಟಿಕೊಂಡೆ, ಆದರೆ ಬಾಯಿ ಬಿಡಲಿಲ್ಲ. ನಿಮ್ಮ ಕ್ರೂಸರ್ ವರ್ಕ್‌ಶಾಪಿನ ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ನಿಂತಿದೆ ಎಂದೂ ಹೇಳಿದಳು.

ಈ ಏಳು ತಿಂಗಳು ನಾನು ಸುಖವಾಗಿದ್ದೆನೇ ಎಂದು ಕೇಳಿದರೆ, ಅದನ್ನೂ ಮುಚ್ಚಿಡುವುದಿಲ್ಲ. ಭಾನುವಾರಗಳಲ್ಲಿ ಸುಖವಾಗಿದ್ದೆ. ಮೊದಲ ವಾರವೆಲ್ಲ ಬೈಕ್ ಹೊರಟ ಕೂಡಲೇ ಕಾಲು ಗಾಳಿಯಲ್ಲಿ ಮುಂದಕ್ಕೆ ಹೋಗಿ ತಡಕಾಡುತ್ತಿತ್ತು, ಕತ್ತಲಲ್ಲಿ ಇಲ್ಲದ ಮೆಟ್ಟಿಲು ಹುಡುಕಿದ ಹಾಗೆ. ಇದರಲ್ಲಿ ಕಾಲಿಡುವ ಜಾಗ ನಮ್ಮ ಕೆಳಗೇ ಇದೆ. ಮೈ ತುಸು ಮುಂದಕ್ಕೆ ಬಾಗುತ್ತದೆ, ಯಾರೋ ಗುಟ್ಟು ಹೇಳುತ್ತಿದ್ದರೆ ಬಾಗುತ್ತೇವಲ್ಲ, ಅಷ್ಟೇ. ಬೈಕು ಎತ್ತರ, ನಾನು ಕುಳ್ಳಿ, ನಿಂತರೆ ತುದಿಗಾಲು. ತಿರುವಿನಲ್ಲಿ ನಮ್ಮ ಹಳೆಯದರ ಕಾಲುಮೆಟ್ಟು ರಸ್ತೆಗೆ ಉಜ್ಜಿ ಕರ್ ಎನ್ನುತ್ತಿತ್ತು. ಇದು ಇನ್ನೂ ಬಾಗು, ಇನ್ನೂ ಬಾಗು ಎನ್ನುತ್ತದೆ.

ಒಂದು ವಿಷಯ ಕೇಳಿ. ಬಲಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಬಲಗಡೆಯನ್ನು ಮುಂದಕ್ಕೆ ತಳ್ಳಬೇಕು, ಎಳೆಯುವುದಲ್ಲ. ವೇಗದಲ್ಲಿದ್ದಾಗ ಎಲ್ಲ ಬೈಕೂ ಹಾಗೇ ಅಂತೆ, ನಮ್ಮ ಕ್ರೂಸರೂ ಕೂಡ. ಮೇಷ್ಟ್ರು ಹೇಳಿದಾಗ ನಾನು ನಂಬಲಿಲ್ಲ. ಹಳೆಯ ಗೋಡೌನಿನ ಮುಂದಿನ ಖಾಲಿ ಬಯಲಿನಲ್ಲಿ ಹತ್ತು ಸಲ ಮಾಡಿ ನೋಡಿದೆ. ನಿಜ! ಹದಿನಾಲ್ಕು ವರ್ಷ ನಮ್ಮ ಕೈಗಳು ಮಾಡುತ್ತಿದ್ದದ್ದು ನಮ್ಮ ತಲೆಗೇ ಗೊತ್ತಿರಲಿಲ್ಲ. ಅವತ್ತು ಅಲ್ಲೇ ಬೈಕ್ ನಿಲ್ಲಿಸಿ ನಿಮಗೆ ಫೋನ್ ಮಾಡಿದೆ. ನೀವು ಎತ್ತಿದಿರಿ. ನಾನು ನೀರಿನ ಪಂಪಿನ ಬಗ್ಗೆ ಕೇಳಿದೆ.

ಇನ್ನೊಂದು ಕೇಳಿದರೆ ನೀವು ನಕ್ಕುಬಿಡಬಹುದು. ಈ ಬೈಕಿನ ಸೀಟು ಹಲಗೆ. ಎರಡು ಗಂಟೆಯ ಮೇಲೆ ಬಾಲದ ಮೂಳೆ ನಿಜವಾಗಿಯೂ ನೋಯುತ್ತದೆ. ಮಾಡಿದ್ದುಣ್ಣೋ ಮಹರಾಯ.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಇರುತ್ತಿದ್ದೆನೇನೋ. ಹೋದ ತಿಂಗಳು ಸಿಗ್ನಲ್ಲಿನಲ್ಲಿ ನನ್ನ ಹಳೆಯ ಕ್ರೂಸರ್ ಪಕ್ಕದಲ್ಲೇ ಬಂದು ನಿಂತಿತು. ಕೊಂಡವರು ಈಜು ಕಲಿಸುವ ಮಾಸ್ತರು. ಗುರುತು ಹಿಡಿದು ಮಾತಾಡಿಸಿದರು. ಗಾಡಿ ಹೇಗಿದೆ ಎಂದೆ. ಗಾಡಿ ಬಿಡಿ, ಈ ಸೀಟು ಯಾರು ಹೊಲಿದದ್ದು ಎಂದರು. ಅವರಿಗೆ ಸೊಂಟದ ಆಪರೇಷನ್ ಆಗಿದೆಯಂತೆ, ಆಫೀಸಿನ ಕುರ್ಚಿಯಲ್ಲೂ ಅರ್ಧ ಗಂಟೆ ಕೂರಲಾರರಂತೆ. “ಇದ್ರ ಮೇಲೆ ದಿನವೆಲ್ಲ ಕೂರ್ತೀನಿ, ಅಮ್ಮ. ಮನೆ ಬಂದ್ರೂ ಇಳಿಯೋಕೆ ಮನಸ್ಸಾಗಲ್ಲ.” ನಮ್ಮ ಮನೆಯವರು ಹೊಲಿದದ್ದು ಎಂದೆ. ಹಸಿರು ದೀಪ ಬಂತು, ಹಿಂದಿನವರು ಹಾರನ್ ಬಾರಿಸಿದರು. ನನ್ನ ಕೈ ಕ್ಲಚ್ ಬಿಡಲಿಲ್ಲ.

ಆ ಮಾತು ನಿಮಗೆ ಸೇರಿದ್ದು. ನನ್ನ ಹತ್ತಿರ ಇಟ್ಟುಕೊಳ್ಳಲು ನನಗೆ ಹಕ್ಕಿಲ್ಲ. ಅದನ್ನು ತಲುಪಿಸಬೇಕಾದರೆ ಉಳಿದದ್ದನ್ನೂ ಹೇಳಲೇಬೇಕಿತ್ತು. ಬೈಕ್ ಕೊಂಡದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಅದು ನನಗೆ ಬೇಕಾಗಿತ್ತು. ನಿಮ್ಮ ಕೈಕೆಲಸದ ಮೇಲೆ ಸುಳ್ಳು ಹೇಳಿದ್ದಕ್ಕೆ, ನೀವು ಅದನ್ನು ನಂಬಿಕೊಂಡು ಏಳು ತಿಂಗಳು ಒಬ್ಬರೇ ಇರಲು ಬಿಟ್ಟಿದ್ದಕ್ಕೆ ಕೇಳುತ್ತೇನೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಆದರೆ ಹೊಲಿಯಲು ಬರದ ಕೈ ಎಂದು ಮಾತ್ರ ಇನ್ನು ಹೇಳಿಕೊಳ್ಳಬೇಡಿ. ಮಗಳ ಮುಂದಂತೂ ಬೇಡ.

ಇಂತಿ,
ತಪ್ಪು ಒಪ್ಪಿಕೊಳ್ಳುವುದರಲ್ಲಿ ನಿಧಾನಿಯಾದ
ನಿಮ್ಮ ದುರ್ಬೀನು

ಮರೆತ ವಿಷಯ: ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಈ ಕೋಳಿಕಾಲಿನ ಅಕ್ಷರ ನೋಡಿದಾಗಲೇ ನಿಮಗೆ ಸಂಶಯ ಬಂದಿರುತ್ತದೆ. ಎಡಗೈಯಲ್ಲಿ ಬರೆದದ್ದು, ನಾಲ್ಕು ದಿನ ಹಿಡಿಯಿತು. ಹಿಂದಿನ ವಾರ ಬೆಟ್ಟದ ಮೇಲೆ ಬೈಕ್ ನಿಲ್ಲಿಸುವಾಗ ಕಾಲಡಿಯ ಜಲ್ಲಿ ಜಾರಿ, ನಿಂತ ಜಾಗದಲ್ಲೇ ಬಿದ್ದೆ. ಹತ್ತೊಂಬತ್ತು ತಿರುವು ದಾಟಿ ಬಂದವಳು ಸಮತಟ್ಟಿನಲ್ಲಿ ಬಿದ್ದೆ. ಬಲ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಹಾಸ್ಟೆಲಿನಲ್ಲಿರುವ ಮಗಳಿಗೆ ಹೇಳಿಲ್ಲ, ಪರೀಕ್ಷೆ ಮುಗಿಯಲಿ. ಗಾಬರಿಯಿಂದ ಓಡಿ ಬರಬೇಡಿ, ಪಕ್ಕದ ಮನೆಯಾಕೆ ಜಡೆ ಹೆಣೆದು ಕೊಡುತ್ತಿದ್ದಾರೆ. ಬೈಕು ಮೇಲಿನ ಪೆಟ್ರೋಲ್ ಬಂಕಿನ ಶೆಡ್ಡಿನಲ್ಲಿದೆ, ಕೀಲಿ ಬಂಕಿನ ಯಜಮಾನಿಯ ಹತ್ತಿರ. ಬೆಟ್ಟಕ್ಕೆ ಬೆಳಗಿನ ಬಸ್ಸು ಏಳಕ್ಕೆ. ಮೇಷ್ಟ್ರು ಹೋಗಿ ಮುರಿದ ಬ್ರೇಕ್ ಲಿವರ್ ಬದಲಿಸಿ ಬಂದಿದ್ದಾರೆ. ತಾವೇ ಇಳಿಸಿ ತರುತ್ತೇನೆ ಎಂದರು. ಬೇಡ, ಅದನ್ನು ತರುವವರು ಇದ್ದಾರೆ ಎಂದು ಹೇಳಿಬಿಟ್ಟಿದ್ದೇನೆ.