ಅಡುಗೆಮನೆ ನಲ್ಲಿಯ ನೀರು

ಅತ್ತೆ,

ನೀವು ಹೋದ ಮೇಲೆ ನಿಮ್ಮ ಮೊಮ್ಮಗಳು ಗಾರ್ಗಿಯ ಬೇಸರ ಕಳೆಯಲೆಂದು ತಂದ ಮೀನುಗಳಲ್ಲಿ ಈ ವಾರ ಮೂರು ಸತ್ತವು. ತೊಟ್ಟಿಯ ತಳದ ಕೊಳೆ ಎಳೆಯುವ ಪೈಪು ಕೊಳ್ಳಲು ಇವತ್ತು ಅಗ್ರಹಾರದ ಸಾಕುಮೀನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಚೆಲುವರಾಜು ನೀರು ಪರೀಕ್ಷಿಸುವ ಕಿಟ್ಟನ್ನೂ ಕೊಟ್ಟರು.

"ಪೈಪು ಆಮೇಲೆ, ಮೊದ್ಲು ನಲ್ಲಿ ನೀರು ನೋಡಿ ಮೇಡಂ. ಹಸಿರಾದ್ರೆ ಅಮೋನಿಯಾ ಇದೆ ಅಂತ. ಚರಂಡಿ ಸೇರ್ಕೊಂಡಿರ್ಬೋದು, ಕುಡಿಯೋದನ್ನೂ ನಿಲ್ಲಿಸ್ಬುಡಿ" ಅಂದರು.

ಅಡುಗೆಮನೆಯ ನಲ್ಲಿ ನೀರಿಗೆ ಕಿಟ್ಟಿನ ಹನಿ ಬಿಟ್ಟೆ. ಐದೇ ನಿಮಿಷಕ್ಕೆ ಕಡು ಹಸಿರಾಯಿತು. ಸಂಪಿನ ಮುಚ್ಚಳ ತೆಗೆಸಿ ನೋಡಿದರೆ, ಚರಂಡಿಯ ಕಡೆಯ ಗೋಡೆ ಬಿರುಕು ಬಿಟ್ಟಿದೆ.

"ನೀರು ಒಂಥರಾ ವಾಸನೆ ಕಣಮ್ಮ ಕಮಲ" ಎಂದು ನೀವು ಮಾರ್ಚಿನಿಂದಲೂ ಹೇಳುತ್ತಿದ್ದಿರಿ. "ನಿಮಗೆ ಎಲ್ಲವೂ ವಾಸನೆಯೇ ಅತ್ತೆ" ಎಂದು ಅದೇ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಿದ್ದೆ. ಮೇ ತಿಂಗಳಲ್ಲಿ ಡಾಕ್ಟರು ನಿಮಗೆ ಕಾಮಾಲೆ ಅಂದರು, ಅದರಲ್ಲೇ ನೀವು ತೀರಿಕೊಂಡಿರಿ. ಆ ಕಾಯಿಲೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಗಾರ್ಗಿ ನಿನ್ನೆಯಿಂದ ಊಟ ಬೇಡ ಅನ್ನುತ್ತಿದ್ದಳು. ಸ್ಕೂಲಿನ ಸುಸ್ತು ಅಂದುಕೊಂಡಿದ್ದೆ. ಈಗ ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ, ಕೆಳರೆಪ್ಪೆ ಎಳೆದು ನೋಡಿದೆ. ಕಣ್ಣು ಹಳದಿಯಾಗಿದೆ.

ನಿಮ್ಮ ಮಗ ಆಟೋ ತರಲು ಓಡಿದ್ದಾರೆ. ನೀರಿನ ವಿಷಯ ನೀವು ನನಗೆ ಹೇಳಿದ್ದಿರೆಂದು ಅವರಿಗೆ ಇನ್ನೂ ತಿಳಿಸಿಲ್ಲ.