ಸುಬ್ಬಣ್ಣಜ್ಜನ ಪಂಚೆ

ಅಮ್ಮಾ,

ಮೂರೂವರೆಗೆ ತೊಟ್ಟಿಲಿನ ಕೊಂಡಿ ಕಿರುಗುಟ್ಟಿ ಎಚ್ಚರವಾಯಿತು. ಮಗಳು ಮಗ್ಗುಲಾಗಿದ್ದಳು, ಅಷ್ಟೆ. ಆದರೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ.

ಎಳೆಕೂಸಿಗೆ ತುಂಬ ವರ್ಷ ಬಾಳಿದವರು ಉಟ್ಟ ಬಟ್ಟೆ ಹಾಸಬೇಕಲ್ಲ, ನಿನ್ನೆ ಗುಲ್ವಾಡಿಗೆ ಹೋಗಿ ಸುಬ್ಬಣ್ಣಜ್ಜನ ಹಳೆ ಪಂಚೆ ಕೇಳಿ ತಂದೆ. ಯಕ್ಷಗಾನದಲ್ಲಿ ಅವರ ಸ್ತ್ರೀವೇಷ ನೋಡಲು ನೀನು ಬೆಳಗಿನವರೆಗೂ ಕೂರುತ್ತಿದ್ದೆಯಲ್ಲ, ಅವರೇ. ನೂರು ತುಂಬಿತೆಂದು ಪೇಪರಿನಲ್ಲಿ ಫೋಟೋ ಬಂದಿತ್ತು.

ಅಜ್ಜ ನಕ್ಕರು. "ಹೆಣ್ಣೆ, ಇದ್ದದ್ದೇ ಎರಡ್ ಪಂಚಿ. ಒಂದ್ ನೀ ತಕಂಡ್ ಹೋರೆ ನಾ ಎಂತ ಉಡೂದ್?"

ಗೇಟಿನವರೆಗೆ ಬಂದ ಅವರ ಸೊಸೆ ಮೆಲ್ಲಗೆ ಹೇಳಿದರು: "ಮಾವಯ್ಯನ ಆಯಸ್ಸ್ ಎಲ್ರಿಗೂ ಬೇಕ್. ಅವ್ರ್ ನಾಲ್ಕೂ ಮಕ್ಳ ಹೆಣ ಕಂಡದ್ದ್ ಯಾರೂ ಕೇಂಬುದಿಲ್ಲೆ."

ಈಗ ಮಗಳು ಆ ಪಂಚೆಯ ಮೇಲೆಯೇ ಮಲಗಿದ್ದಾಳೆ. ತೆಗೆದರೆ ಆಯುಷ್ಯವೇ ಬೇಡ ಎಂದಂತೆ. ಬಿಟ್ಟರೆ, ಇವಳೂ ತನ್ನವರನ್ನೆಲ್ಲ ಕಳಿಸಿಕೊಟ್ಟು ಒಬ್ಬಳೇ ಉಳಿದುಬಿಟ್ಟರೆ? ಓದಿದವಳು ಇದಕ್ಕೆಲ್ಲ ಹೆದರಬಾರದು, ಗೊತ್ತು. ಆದರೂ ಪಂಚೆಯ ಅಂಚು ಹಿಡಿದುಕೊಂಡೇ ಕೂತಿದ್ದೇನೆ.

ನಿನ್ನ ನೀಲಿ ನೂಲಿನ ಸೀರೆ ಕಪಾಟಿನಲ್ಲಿದೆ. ಐವತ್ತಕ್ಕೇ ಹೋದವಳದ್ದು ಕೂಸಿಗೆ ಬೇಡ ಎಂದರು ಅತ್ತೆ. ನಾನೂ ತಲೆಯಾಡಿಸಿ ಗುಲ್ವಾಡಿಗೆ ಹೊರಟೆ. ಅದನ್ನೇ ಹಾಸಲೇ ಅಮ್ಮಾ? ಅತ್ತೆ ಏಳುವ ಮೊದಲು, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ಮಾತಾಡದಿದ್ದರೂ ಅಡ್ಡಿಲ್ಲ, ಒಂದು ಮಿಸ್ಡ್ ಕಾಲ್ ಕೊಡು.