ಸೇವ್ ಒತ್ತಿದರೆ ಎರಡು ನಿಮಿಷ

ಜನವರಿ 12, ಸೋಮವಾರ. ಬೆಳಿಗ್ಗೆ 10

ಸೇವ್ ಒತ್ತಿದೆ. ಕಾಯುತ್ತಿದ್ದೇನೆ. ಪ್ರೋಗ್ರಾಮ್ ಬರೆಯುವ ಎಡಿಟರ್, ಬೇರೆ ಫೈಲ್ ಕರೆಸುವ ಇಂಪೋರ್ಟ್ ಸಾಲುಗಳನ್ನು ಜೋಡಿಸುತ್ತಿದೆಯಂತೆ. ಪ್ರೋಗ್ರಾಮಿನ ತಲೆಯಲ್ಲಿ ಇರುವುದೇ ಐದು ಸಾಲು. ಅದಕ್ಕೆ ಎರಡು ನಿಮಿಷ. ಮದುವೆಮನೆಯ ಗ್ರೂಪ್ ಫೋಟೋಗೂ ಇಷ್ಟು ಹೊತ್ತು ಬೇಡ.

ಏಳನೇ ಕ್ಲಾಸು ಓದಿದ ಮೆಕ್ಯಾನಿಕ್ ಪೈಥಾನ್ ಪ್ರೋಗ್ರಾಮ್ ಬರೆದರೆ ಹೀಗೇ ಅಂತ ಹೆಂಡತಿ ಅನ್ವರಿ ನಗುತ್ತಾಳೆ. ನಗಲಿ. ಕಾಫಿ ತೋಟದ ಒಡತಿ ವಿಶಾಲಾಕ್ಷಮ್ಮನವರು ನಗುತ್ತಿಲ್ಲ. ಅವರು ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದ ಕಾಫಿ ಬೀಜ, ಒಣಗಿಸುವ ಶೆಡ್ಡಿನಲ್ಲೇ ಕೂತಿದ್ದೇನೆ. ನನ್ನ ಪ್ರೋಗ್ರಾಮಿನಿಂದ ಹೀಟರ್ ನಲವತ್ತು ಡಿಗ್ರಿಗೆ ತಾನೇ ಆರಬೇಕು. ಹೊಸ ಸೆನ್ಸರ್ ಹಾಕಿದ ಮೇಲೆ ಆರುತ್ತಿಲ್ಲ. ತಿದ್ದು, ಸೇವ್ ಮಾಡು, ಕಾಯು, ನೋಡು... ತಪ್ಪು. ಮತ್ತೆ ತಿದ್ದು.

ಶುಕ್ರವಾರ ಸ್ಯಾಂಪಲ್ ಚಿಕ್ಕಮಗಳೂರಿಗೆ ಹೋಗಬೇಕು, ರುಚಿ ನೋಡುವವರ ಮುಂದೆ. ಇಷ್ಟು ವರ್ಷ ಅವರ ಯಜಮಾನರ ಹೆಸರಲ್ಲಿ ಹೋಗುತ್ತಿತ್ತು. ಈ ಸಲ ಮೊದಲ ಬಾರಿ ಅಮ್ಮಾವ್ರ ಸ್ವಂತ ಹೆಸರಲ್ಲಿ. ಕಾವು ಹೆಚ್ಚಿದರೆ ಎಲ್ಲಾ ಹಾಳು.

ಯಾಕಿಷ್ಟು ತಡ ಅಂತ ಕೇಳಿದರು. ನಿಮ್ಮ ಲ್ಯಾಪ್‌ಟಾಪಿಗೆ ವಯಸ್ಸಾಯಿತು ಅಮ್ಮಾವ್ರೇ ಅಂದುಬಿಟ್ಟೆ. ಹೀಟರ್ ಸ್ವಿಚ್ಚಿನ ಪಕ್ಕ ತಾವೇ ಹೋಗಿ ಕೂತರು, ಕೈಯಿಂದ ಆರಿಸಲು.

ಅದೇ ದಿನ, ಸಂಜೆ 4

ಜೋಡಿಸುವುದನ್ನೇ ಆಫ್ ಮಾಡಲು ಹೋದೆ. ಎಡಿಟರಿನ ಸೆಟ್ಟಿಂಗ್ ಎಲ್ಲಾ ಇಂಗ್ಲಿಷ್. ಒಂದು ಒತ್ತಿದೆ, ಪರದೆ ಕಪ್ಪಾಯಿತು. ಇನ್ನೊಂದು ಒತ್ತಿದೆ, ಅಕ್ಷರ ಇರುವೆಯಷ್ಟಾಯಿತು. ಕೈ ಕಟ್ಟಿ ಕೂತೆ.

ಜನವರಿ 14, ಬುಧವಾರ. ಮಧ್ಯಾಹ್ನ

ಅಮ್ಮಾವ್ರಿಗೆ ಸ್ವಿಚ್ ಕಾಯುವುದು ಮೂರನೇ ದಿನ. ಕಣ್ಣು ಕೆಂಪು.

ಮೂಡಿಗೆರೆಯಲ್ಲಿ ನನಗೆ ಪೈಥಾನ್ ಕಲಿಸಿದ ರೂಪಶ್ರೀ ಮೇಡಂ ಸಂಸೆ ಊರಿಂದ ವಾಪಸ್. ಅಂತೂ ಫೋನಿಗೆ ಸಿಕ್ಕಿದರು. ಯಾವ ಇಂಪೋರ್ಟ್ ನಿಮ್ಮದು, ಯಾವುದು ಹೊರಗಿನದು ಅಂತ ತಿಳಿಯಲು ಎಡಿಟರ್ ಫೋಲ್ಡರ್ ಪೂರ್ತಿ ಜಾಲಾಡುತ್ತದೆ ಅಂದರು. ಆಮೇಲೆ ಕೇಳಿದರು, "ಒಳಗೆ ಏನೇನ್ ತುಂಬಿದೀರಿ ಉಮರ್ ಭಾಯ್?"

ತೆರೆದೆ. ಹಳೇದು 1, ಹಳೇದು 2... ಹಳೇದು 212.

ಗ್ಯಾರೇಜಿನ ಅಭ್ಯಾಸ. ಬಿಚ್ಚಿದ ಪಾರ್ಟ್ ಎಸೆಯಬಾರದು, ಹೊಸದು ಓಡುವ ತನಕ ಪಕ್ಕದಲ್ಲೇ ಇರಬೇಕು. ಪ್ರತಿ ಸಲ ತಿದ್ದುವ ಮುಂಚೆ ಲೈಬ್ರರಿ ಅನ್ನುವ ಸಿದ್ಧ ಕೋಡಿನ ಸಮೇತ ಒಂದು ಕಾಪಿ, ಅದೇ ಫೋಲ್ಡರಿನಲ್ಲಿ. ಪಾಪ, ಐದು ಸಾಲು ಜೋಡಿಸಲು ಅದು ಇನ್ನೂರ ಹನ್ನೆರಡು ಗೋಡೌನ್ ಸುತ್ತಿ ಬರುತ್ತಿತ್ತು.

ಲ್ಯಾಪ್‌ಟಾಪಿನ ತಪ್ಪಲ್ಲ.

ಜನವರಿ 15, ಗುರುವಾರ. ಬೆಳಿಗ್ಗೆ 11

ಹಳೇದೆಲ್ಲಾ ಪೆನ್‌ಡ್ರೈವಿಗೆ ಸಾಗಿಸಿದೆ. ಸೇವ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಮುಗಿಯಿತು. ಒಂದು ಗಂಟೆಯಲ್ಲಿ ಹದಿನಾರು ಸಲ ತಿದ್ದಿದೆ. ಈಗ ಸರಿ ಇರಬೇಕು.

ಇನ್ನು ಅಮ್ಮಾವ್ರಿಗೆ ನಿಜ ಹೇಳಬೇಕು. ಜೋಕ್ ಹುಡುಕಿದೆ. ಸಿಗಲಿಲ್ಲ.

"ಅಮ್ಮಾವ್ರೇ, ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಕಸ ತುಂಬಿದ್ದು ನಾನು."

ಅಮ್ಮಾವ್ರು ಸ್ವಿಚ್ಚಿನಿಂದ ನನ್ನ ಕಡೆ ತಿರುಗಿದರು. ಆಮೇಲೆ, "ಹೊಸ್ದು ತಗಳಕ್ಕೆ ಆಗ್ಲಿಲ್ವಲ್ಲ ಅಂತ ಮೂರು ದಿನದಿಂದ ಕೊರಗ್ತಾ ಇದೀನಿ ಮಾರಾಯ್ರೆ."

ಎದ್ದು ಜಾಗ ಬಿಟ್ಟರು. ಈಗ ನೀವು ಕಾಯಿರಿ ಅಂದರು.

11.40

38 ಡಿಗ್ರಿ. ಎಡಗೈ ಸ್ವಿಚ್ಚಿನ ಹತ್ತಿರ. ಅಮ್ಮಾವ್ರು ಮೀಟರ್ ನೋಡುತ್ತಿಲ್ಲ, ನನ್ನ ಕೈ ನೋಡುತ್ತಿದ್ದಾರೆ.

39. ಕೈ ತೆಗೆಯಿರಿ ಅಂದರು. ತೆಗೆದೆ.

39.5.

40. ಟಕ್. ಹೀಟರಿನ ಕೆಂಪು ದೀಪ ಆರಿತು. ನಾನು ಮುಟ್ಟಿಲ್ಲ. ತಲೆ ಎತ್ತಿದೆ, ಅಮ್ಮಾವ್ರು ಆಗಲೇ ಸ್ಯಾಂಪಲ್ ಚೀಲದ ಮೇಲೆ ತಮ್ಮ ಹೆಸರು ಬರೆಯಲು ಪೆನ್ನು ಹುಡುಕುತ್ತಿದ್ದಾರೆ.